ಅರ್ಧ ತಾಸಿನ ಮಾತು

ಹೂವಿನ ಹಿಪ್ಪರಗಿಯ ಗಾದಿ ಮೋದಿನಸಾಬ ಈ ವರ್ಷ ಜೂನಿನ ಮಿರಗ ಮಳೆ ಹೊಕ್ಕ ಮೂರನೆಯ ದಿನ ಸತ್ತ. ನಲವತ್ತಾರು ವಯಸ್ಸು. ಎದೆ ಹಿಡಿದು ಸತ್ತ ಎಂದು ಊರಿಗೆಲ್ಲ ಹೇಳಿದವಳು ಅವನ ಹೆಂಡತಿ ಜೋಹರಾಬಿ. ಅದು ಸುಳ್ಳು. ಹಾವು ಕಡಿದು ಸತ್ತ. ಸುಳ್ಳು ಹೇಳು ಎಂದವನೂ ಅವನೇ.

ಅವನ ಕಸುಬು ಗಾದಿ ಹೊಲಿಯುವುದು. ಅರಳೆ ಹಿಂಜಬೇಕು, ಚೀಲಕ್ಕೆ ತುಂಬಬೇಕು, ಕೋಲಿನಿಂದ ಬಡಿದು ಸಮ ಮಾಡಬೇಕು, ದಬ್ಬಣ ಹಿಡಿದು ಹೊಲಿಗೆ ಹಾಕಬೇಕು. ಅವನ ಅಪ್ಪ ಅದನ್ನೇ ಮಾಡಿದ್ದ, ಅಜ್ಜನೂ ಅದನ್ನೇ ಮಾಡಿದ್ದ. ಹಾವು ಹಿಡಿಯುವುದು ಕಸುಬಲ್ಲ. ಅದು ಅವನ ಹುಚ್ಚು. ಯಾರ ಮನೆಯಲ್ಲಿ ಹಾವು ಹೊಕ್ಕರೂ ಹೊಲಿಯುತ್ತಿದ್ದ ಗಾದಿಯಲ್ಲೇ ದಬ್ಬಣ ಚುಚ್ಚಿ ಎದ್ದು ಹೋಗುತ್ತಿದ್ದ. ಹಿಡಿದು, ಡಬ್ಬಿಯಲ್ಲಿ ಹಾಕಿ, ಹಳ್ಳದ ಕಡೆ ಬಿಟ್ಟು ಬರುತ್ತಿದ್ದ. ಬದಲಿಗೆ ಒಂದು ಕಪ್ ಚಹಾ.

ಜೋಹರಾಬಿಗೆ ಈ ಹುಚ್ಚು ಗೊತ್ತಾದದ್ದು ಮದುವೆಯಾಗಿ ಬಂದ ವಾರಕ್ಕೆ. ಸಕ್ಕರೆ ಇರಬೇಕು ಎಂದು ಒಲೆಯ ಹಿಂದಿನ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ದಪ್ಪಗೆ, ಮಣ್ಣಿನ ಬಣ್ಣದ್ದೊಂದು ಸುತ್ತಿಕೊಂಡು ಬಿದ್ದಿತ್ತು. ಡಬ್ಬಿ ಎಸೆದು ಅಂಗಳಕ್ಕೆ ಓಡಿದಳು.

“ಏನ್ರಿ, ಇದೇನ್ರಿ ಇದು!”

“ಮಣ್ಣಮುಕ್ಕ. ಪಾಪದ್ದು. ಎರಡು ತಲಿ ಐತಿ ಅಂತ ಮಂದಿ ಹಿಡಿದು ಮಾರತಾರ. ಇರೂದು ಒಂದ ತಲಿ. ಇನ್ನೊಂದು ಬಾಲ. ತಲಿ ಯಾವ ಕಡಿ ಐತಿ ಹೇಳು ನೋಡೂಣು?”

“ಮೊದಲ ನಿಮ್ಮ ತಲಿ ಎಲ್ಲೈತಿ ಅದನ್ನ ಹೇಳ್ರಿ.”

ಅವನು ನಕ್ಕು ನಕ್ಕು ಕುಳಿತುಬಿಟ್ಟ. ಇಪ್ಪತ್ತು ವರ್ಷ ಅವರ ಸಂಸಾರ ಹೀಗೆಯೇ ನಡೆಯಿತು. ಅವನು ಹಾವಿನ ಒಂದು ಸಂಗತಿ ಹೇಳುವುದು, ಇವಳು ಅದಕ್ಕೊಂದು ಕೊಕ್ಕೆ ಹಾಕುವುದು. ಹಾವು ಹಾಲು ಕುಡಿಯುವುದಿಲ್ಲ ಎಂದರೆ, “ಹಂಗಾರ ನಿಮಗಿಂತ ಶ್ಯಾಣ್ಯಾ ಐತಿ, ಹಾಲಿಗೆ ಎಮ್ಮಿ ಬೇಕು ಅನ್ನಂಗಿಲ್ಲ” ಎನ್ನುತ್ತಿದ್ದಳು. ಹಾವಿಗೆ ಹೊರಗಿನ ಕಿವಿಯಿಲ್ಲ ಎಂದರೆ, “ನಿಮಗ ಎರಡು ಇದ್ದು ಏನ ಉಪಯೋಗ ಆಗೇತಿ” ಎನ್ನುತ್ತಿದ್ದಳು.

ಬಡಿದು ಕೊಂದ ಹಾವು ಕಂಡರೆ ಅವನಿಗೆ ಎರಡು ದಿನ ಊಟ ಸೇರುತ್ತಿರಲಿಲ್ಲ. ಅದಕ್ಕೇ ಮನೆ ಮನೆಗೆ ಹೋಗಿ ಹೇಳುತ್ತಿದ್ದ. ಬಡಿಗೆ ಎತ್ತಬೇಡಿ, ನನಗೆ ಫೋನು ಮಾಡಿ. ಜನ ಮೊದಲು ನಕ್ಕರು. ಆಮೇಲೆ ಫೋನು ಮಾಡತೊಡಗಿದರು. ಹಿಪ್ಪರಗಿಯಲ್ಲಿ ನಾಲ್ಕು ವರ್ಷದಿಂದ ಯಾರೂ ಹಾವು ಕೊಂದಿರಲಿಲ್ಲ. ಅವನು ಜೀವನದಲ್ಲಿ ಗಳಿಸಿದ್ದು ಅದೊಂದೇ.

ಅವನಂಥ ಹುಚ್ಚರು ಇನ್ನೂ ಇದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯವರೆಲ್ಲ ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಹಾವಿನ ಗೆಳೆಯರು ಎಂದು ಹೆಸರು. ಇನ್ನೂರರ ಮೇಲೆ ಮಂದಿ. ಗುಂಪಿನ ಯಜಮಾನ ಸಿಂದಗಿಯ ರೇವಣಪ್ಪ ಮಾಸ್ತರ, ಓದಿದವನು. ದಿನಾ ಬೆಳಿಗ್ಗೆ ಯಾರಾದರೊಬ್ಬರು ಹಾವಿನ ಒಂದು ಸಂಗತಿ ಹಾಕಬೇಕು. ಕೇರೆ ಹಾವಿಗೂ ನಾಗರಕ್ಕೂ ಸಂಬಂಧ ಇಲ್ಲ. ಹಾವು ನಾಲಿಗೆ ಚಾಚುವುದು ಹೆದರಿಸಲು ಅಲ್ಲ, ವಾಸನೆ ಹಿಡಿಯಲು. ಇಂಥವು.

ಮುದ್ದೇಬಿಹಾಳದಲ್ಲಿ ಟಂಟಂ ಆಟೋ ಓಡಿಸುವ ಭೀಮಶ್ಯಾ ಒಮ್ಮೆ ಕೆನಡಾ ದೇಶದ ವಿಡಿಯೋ ಕಳಿಸಿದ. ಮೈಮೇಲೆ ಹಳದಿ ಪಟ್ಟೆ ಇರುವ ಹಾವುಗಳು. ಗಾರ್ಟರ್ ಹಾವು ಅಂತೆ. ಚಳಿಗಾಲವೆಲ್ಲ ನೆಲದ ಒಳಗೆ ಮಲಗಿ, ಬಿಸಿಲು ಬಿದ್ದ ಮೇಲೆ ಒಂದೇ ಬಿಲದಿಂದ ಸಾವಿರಾರು ಹೊರಗೆ ಬರುತ್ತವೆ. ಮೋದಿನಸಾಬ ಅದನ್ನು ಹತ್ತು ಸಲ ನೋಡಿದ. ಆಮೇಲೆ ಗುಂಪಿಗೆ ಹೇಳಿದ. “ಇವು ನಮ್ಮ ಹಳ್ಳದ ನೀರಹಾವಿನ ಕಾಕಾನ ಮಕ್ಕಳಿದ್ದಂಗ. ಆದ್ರ ನಮ್ಮವು ತತ್ತಿ ಇಡತಾವ, ಅವು ಮರೀನ ಹಾಕತಾವ.”

ಭೀಮಶ್ಯಾ ಉತ್ತರ ಕಳಿಸಿದ. “ಏ ಗಾದಿ, ಅಲ್ಲಿ ಹೋಗಿ ಒಂದು ನೂರು ಗಾದಿ ಹೊಲಿದು ಕೊಡು. ಚಳಿಗೆ ನಡುಗಾಕತ್ತಾವ ಪಾಪ.”

ಮೋದಿನಸಾಬನಿಗೆ ಹಿಡಿಸಿದ್ದು ಹಾವಲ್ಲ, ಅದರ ಸುತ್ತ ನಿಂತ ಜನ. ರೊಟ್ಟಿ ಬಡಿಯುತ್ತಿದ್ದ ಜೋಹರಾಬಿಯ ಮುಂದೆ ಫೋನು ಹಿಡಿದ. “ಹುಡುಗೂರು ಕೈ ಮ್ಯಾಲ ಬಿಟಗೊಂಡಾವ ನೋಡು. ಇಷ್ಟು ಮಂದಿ ಅದಾರ. ಒಬ್ಬರ ಕೈಯಾಗರ ಬಡಿಗಿ ಐತೇನು?”

“ಇಲ್ಲ. ಈಗ ಬಾಜೂಕ ಸರೀರಿ, ರೊಟ್ಟಿ ಸೀಯಾಕತ್ತೇತಿ.”

ಅರ್ಧ ತಾಸಿನ ಮಾತು ಹುಟ್ಟಿದ್ದು ಹೋದ ವರ್ಷ. ಒಂದೂರಲ್ಲಿ ಮುದುಕನೊಬ್ಬನಿಗೆ ನೀರಹಾವು ಕಡಿಯಿತು. ಅದಕ್ಕೆ ವಿಷವೇ ಇಲ್ಲ. ಮುದುಕ ಹೆದರಿಯೇ ಸತ್ತ. ಊರವರು ಹಳ್ಳಕ್ಕಿಳಿದು ಸಿಕ್ಕ ಸಿಕ್ಕ ಹಾವನ್ನು ಬಡಿದು ಸಾಲಾಗಿ ಮಲಗಿಸಿ ಫೋಟೋ ತೆಗೆದರು. ಮೋದಿನಸಾಬ ಅದನ್ನು ನೋಡಿದ. ಅವತ್ತು ಸಂಜೆ ಗಾದಿಯ ಮೇಲೆ ಕುಳಿತು, ಫೋನು ಬಾಯಿಯ ಹತ್ತಿರ ಹಿಡಿದು ಮಾತಾಡಿದ. ಜೋಹರಾಬಿ ಪಕ್ಕದಲ್ಲೇ ಅರಳೆ ಬಿಡಿಸುತ್ತಿದ್ದಳು. ಆ ಮಾತು ಹೀಗಿತ್ತು.

“ನಮಸ್ಕಾರ್ರಿ ಎಲ್ಲಾರಿಗೂ. ನಾನು ಗಾದಿ ಮೋದಿನಸಾಬ ಮಾತಾಡಾಕತ್ತೇನಿ. ಹಾವು ಕಡೀತಂದ್ರ ಜೀವ ಹೋತು ಅಂತ ಒದರಬ್ಯಾಡ್ರಿ. ಭಾಳ ಹಾವಿಗೆ ವಿಷಾನ ಇಲ್ಲ. ಗಡಿಯಾರ ನೋಡ್ರಿ. ಅರ್ಧ ತಾಸು. ಕಡಿದ ಜಾಗಾ ಬಾತಿಲ್ಲ, ಉರಿ ಇಲ್ಲ ಅಂದ್ರ ವಿಷ ಏರಿಲ್ಲ. ಚಾ ಕುಡೀರಿ, ಕೆಲಸಕ್ಕ ಹೋಗ್ರಿ. ಪಾಪದ ಹಾವನ್ನ ಬಡೀಬ್ಯಾಡ್ರಿ.”

ದನಿ ಚೆನ್ನಾಗಿತ್ತು ಅವನದು. ಕೇಳಿದರೆ ಅಂಜಿಕೆ ಇಳಿಯುತ್ತಿತ್ತು. ರೇವಣಪ್ಪ ಮಾಸ್ತರ ಹೆಬ್ಬೆರಳು ಎತ್ತಿದ. ಜನ ಆ ಮಾತನ್ನು ಒಬ್ಬರಿಂದ ಒಬ್ಬರಿಗೆ ಕಳಿಸಿದರು.

ಅದು ತಪ್ಪು ಮಾತು. ನಾಗರ ಕಡಿದರೆ, ಮಂಡಲ ಕಡಿದರೆ ಬಾವು ಬರುತ್ತದೆ, ಉರಿಯುತ್ತದೆ. ಅವನು ಕಣ್ಣಾರೆ ಕಂಡದ್ದು ಅಷ್ಟೇ. ಕಟ್ಟುಹಾವು ಬೇರೆ. ಕಪ್ಪಗೆ, ಬಿಳಿ ಗೆರೆ ಗೆರೆ ಇರುವ ಹಾವು. ಅದು ಕಡಿದರೆ ಇರುವೆ ಕಚ್ಚಿದಷ್ಟೂ ತಿಳಿಯುವುದಿಲ್ಲ. ಬಾವಿಲ್ಲ, ಉರಿಯಿಲ್ಲ. ಗಂಟೆಗಳು ಕಳೆದ ಮೇಲೆ ರೆಪ್ಪೆ ಜೋತು ಬೀಳುತ್ತದೆ, ನಾಲಿಗೆ ತಿರುಗುವುದಿಲ್ಲ, ಉಸಿರು ನಿಲ್ಲುತ್ತದೆ. ಅವನ ಕೈಗೆ ಕಟ್ಟುಹಾವು ಸಿಕ್ಕದ್ದು ಎರಡೇ ಸಲ. ಅದು ಯಾರಿಗೂ ಕಡಿದದ್ದನ್ನು ಅವನು ನೋಡಿರಲಿಲ್ಲ. ನೋಡದ್ದನ್ನು ಹೇಳಬಾರದಿತ್ತು. ಹೇಳಿದ.

ಸತ್ತ ದಿನ ಬೆಳಿಗ್ಗೆ ಊರ ಹೊರಗಿನ ತೋಟದ ಮನೆಯಿಂದ ಫೋನು ಬಂತು. ಜೋಳದ ಚೀಲದ ಸಂದಿಯಲ್ಲಿ ಹಾವು. ಹೋದ. ಎಂಟು ಗಂಟೆಗೆ ತಿರುಗಿ ಬಂದ. ಬಲಗೈ ಬೆರಳ ಸಂದಿಯಲ್ಲಿ ಎರಡು ಹನಿ ರಕ್ತ.

“ಏನ್ರಿ ಅದು? ದಬ್ಬಣ ಚುಚ್ಚಿತೇನು?”

“ಹಲ್ಲು ಚುಚ್ಚೇತಿ. ತೋಳಹಾವಿನ ಮರಿ. ಬಾಯಿ ಇಷ್ಟs ಇಷ್ಟು, ಸಿಟ್ಟು ಮಾತ್ರ ಇಷ್ಟುದ್ದ.”

ತೋಳಹಾವಿಗೆ ವಿಷವಿಲ್ಲ. ನೋಡಲು ಕಟ್ಟುಹಾವಿನ ಹಾಗೆಯೇ ಇರುತ್ತದೆ. ಗುರುತು ಒಂದಿದೆ ಎಂದು ಅವನೇ ಎಲ್ಲರಿಗೂ ಹೇಳುತ್ತಿದ್ದ. ತೋಳಹಾವಿನ ಗೆರೆ ಕುತ್ತಿಗೆಯಿಂದಲೇ ಶುರುವಾಗುತ್ತದೆ, ಕಟ್ಟುಹಾವಿನದು ಕುತ್ತಿಗೆ ಬಿಟ್ಟು ಕೆಳಗೆ. ಆದರೆ ಕಟ್ಟುಹಾವು ಮರಿಯಾಗಿದ್ದಾಗ ಅದರ ಗೆರೆಯೂ ಕುತ್ತಿಗೆಯ ಹತ್ತಿರದಿಂದಲೇ ಇರುತ್ತದೆ. ಇದು ಅವನಿಗೆ ಗೊತ್ತಿರಲಿಲ್ಲ. ಫೋಟೋ ತೆಗೆದು, ಇವತ್ತಿನ ಅತಿಥಿ ತೋಳಹಾವು ಎಂದು ಗುಂಪಿಗೆ ಕಳಿಸಿದ್ದ. ಕಡಿಯಿತು ಎಂದೂ ಹೇಳಿದ್ದ. ಇನ್ನೂರು ಮಂದಿಯಲ್ಲಿ ಒಬ್ಬನೂ ಅಲ್ಲ ಎನ್ನಲಿಲ್ಲ. ಭೀಮಶ್ಯಾನ ದನಿ ಬಂತು. “ತೋಳ ಕಡೀತಂದ್ರ ನೀ ಕುರಿ ಆದಿ ಬಿಡೋ ಗಾದಿ!” ಮೋದಿನಸಾಬ ನಕ್ಕ.

ಗೋಡೆಯ ಗಡಿಯಾರ ನೋಡಿದ. ಅರ್ಧ ತಾಸು ನೋಡಿದ. ಬಾವಿಲ್ಲ. ಉರಿಯಿಲ್ಲ. ಚಹಾ ಕುಡಿದ. ಹೊಲಿಯಲು ಕುಳಿತ. ಅವತ್ತು ಹೊಲಿಯುತ್ತಿದ್ದದ್ದು ಒಂದು ಮದುವೆಯ ಗಾದಿ.

ಹತ್ತು ಗಂಟೆಗೆ ಹೊಟ್ಟೆ ಹಿಡಿದುಕೊಂಡ. ನಿನ್ನೆಯ ಬದನೆಕಾಯಿ ಎಂದ. ಹನ್ನೊಂದಕ್ಕೆ ದಬ್ಬಣಕ್ಕೆ ದಾರ ಪೋಣಿಸಲು ಹೋಗಿ ತಪ್ಪಿದ. ಮತ್ತೆ ತಪ್ಪಿದ.

“ಜೋಹರಾ, ದಾರ ಎರಡು ಕಾಣಾಕತ್ತಾವ.”

“ವಯಸ್ಸಾತು. ಚಾಳೀಸು ಹಾಕ್ಕೋರಿ ಅಂದ್ರ ಕೇಳಂಗಿಲ್ಲ.”

“ಕನ್ನಡಿ ತಾ.”

ಅವಳು ಕನ್ನಡಿ ಕೊಟ್ಟಳು. ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ಎತ್ತಲು ನೋಡಿದ, ಏಳಲಿಲ್ಲ. ಕನ್ನಡಿಯನ್ನು ಗಾದಿಯ ಮೇಲೆ ಬೋರಲು ಇಟ್ಟ. “ಅದು ತೋಳಹಾವಲ್ಲ” ಎಂದ.

ಜೋಹರಾಬಿ ಓಣಿಗೆ ಓಡಿ ಟಂಟಂ ಬರಹೇಳಿ ಬಂದಳು. ಅದು ಬಾಗಿಲಿಗೆ ಬರುವುದರೊಳಗೆ ಅವನು ಅವಳ ಕೈ ಹಿಡಿದ. ಮಾತು ಆಗಲೇ ದಪ್ಪಗಾಗಿತ್ತು.

“ಯಾರ ಮುಂದೂ ಹಾವು ಅನಬ್ಯಾಡ. ಎದಿ ಹಿಡೀತು ಅನ್ನು. ಹಾವಿನ ಮೋದಿನಸಾಬ ಹಾವಿಲೆ ಸತ್ತ ಅಂದ್ರ, ನಾಳಿಂದ ಈ ಸೀಮ್ಯಾಗ ಒಂದು ಹಾವು ಉಳಿಯಂಗಿಲ್ಲ.”

“ಸಾಯೂ ಮಾತು ಯಾಕ ಆಡತೀರಿ? ಸುಮ್ನ ಏಳ್ರಿ.”

“ಆಣಿ ಮಾಡು.”

“ಆತು, ಆಣಿ. ಏಳ್ರಿ ಮೊದಲ!”

ಏಳಲಿ ಎಂದು ಆಣೆ ಮಾಡಿದಳು. ಅವನು ಬದುಕಿದರೆ ಆಣೆಗೆ ಏನು ಬೆಲೆ ಎಂದುಕೊಂಡಿದ್ದಳು.

ಟಂಟಂನಲ್ಲಿ ಅವನು ಜೇಬಿನಿಂದ ಫೋನು ತೆಗೆದು ಅವಳ ಕೈಗೆ ಒತ್ತಿದ. ತುಟಿ ಆಡಿದವು, ದನಿ ಬರಲಿಲ್ಲ. ಅವಳು ಮಾಸ್ತರನಿಗೆ ಹಚ್ಚಲು ಹೋದಳು. ಬೇಡ ಎಂದು ತಲೆ ಅಲ್ಲಾಡಿಸಿದ. ಮಗಳು ಬುಶ್ರಾಳ ಸಾಲಿಗೆ ಹಚ್ಚಲೇ ಎಂದಳು. ಮತ್ತೆ ತಲೆ ಅಲ್ಲಾಡಿಸಿದ. ಆಮೇಲೆ ತಲೆಯೂ ಅಲ್ಲಾಡಲಿಲ್ಲ. ಬಾಗೇವಾಡಿ ದವಾಖಾನೆಯ ದಾರಿ ಅರ್ಧವೂ ಆಗಿರಲಿಲ್ಲ. ಅವನು ಕೇಳಿದ್ದೇನು ಎಂಬುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

“ಏನಾಗಿತ್ರಿ ಅಕ್ಕಾರ?” ಎಂದ ಟಂಟಂನವನು.

“ಎದಿ ಹಿಡೀತು” ಎಂದಳು.

ಒಮ್ಮೆ ಬಾಯಿಂದ ಬಂತು. ಆಮೇಲೆ ಎಲ್ಲರಿಗೂ ಅದೇ. ಮಗಳು ಬುಶ್ರಾ ಸಾಲಿಯಿಂದ ಓಡಿ ಬಂದಳು. ಒಂಬತ್ತನೆಯ ಇಯತ್ತೆ ಹುಡುಗಿ. ಅವಳಿಗೂ ಅದನ್ನೇ ಹೇಳಿದಳು. ಗಂಡಸರು ಮೈ ತೊಳೆದರು. ಯಾರಿಗೂ ಏನೂ ಕಾಣಲಿಲ್ಲ. ಗಾದಿ ಹೊಲಿಯುವವನ ಕೈ ಅದು, ತುಂಬ ದಬ್ಬಣದ ಚುಚ್ಚು. ಅದರಲ್ಲಿ ಇನ್ನೆರಡು ಯಾರು ಎಣಿಸುತ್ತಾರೆ. ಸಂಜೆಯೊಳಗೆ ಮಣ್ಣು ಮಾಡಿ ಬಂದರು. ಗುಂಪಿನವರಿಗೆ ಹಾವು ಕಡಿದದ್ದು ಗೊತ್ತಿತ್ತು, ಆದರೆ ವಿಷವಿಲ್ಲದ ತೋಳಹಾವು ಎಂದು ಯಾರೂ ಅನುಮಾನಪಡಲಿಲ್ಲ.

ಜೋಹರಾಬಿ ಇದ್ದತ್ತಿಗೆ ಕುಳಿತಳು. ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಪರ ಗಂಡಸರ ಮುಂದೆ ಬರುವಂತಿಲ್ಲ. ಅರ್ಧ ಹೊಲಿದ ಗಾದಿ ಮೂಲೆಯಲ್ಲಿ ಹಾಗೆಯೇ ಬಿದ್ದಿತ್ತು. ಅದನ್ನು ಮುಟ್ಟಲಿಲ್ಲ.

ಮೂರನೆಯ ದಿನ ನೆರೆಮನೆಯಿಂದ ಗಂಡನ ದನಿ ಕೇಳಿಸಿತು. ನಮಸ್ಕಾರ್ರಿ ಎಲ್ಲಾರಿಗೂ. ಅವಳು ಎದ್ದು ಬಾಗಿಲವರೆಗೆ ಹೋಗಿಬಿಟ್ಟಿದ್ದಳು. ಗಡಿಯಾರ ನೋಡ್ರಿ, ಅರ್ಧ ತಾಸು ಎಂದಾಗ ನಿಂತಳು.

ಬುಶ್ರಾ ಫೋನು ನೋಡಿ ಓದಿದಳು. “ಮಾಸ್ತರು ಹಾಕ್ಯಾರ ಯವ್ವಾ. ನಮ್ಮ ಗೆಳೆಯ ಹೋದರೂ ಅವನ ದನಿ ಉಳಿಯಲಿ, ಎಲ್ಲಾರೂ ಹತ್ತು ಹತ್ತು ಮಂದಿಗೆ ಕಳಿಸ್ರಿ ಅಂತ. ಎಲ್ಲಾರೂ ಕಳಿಸಾಕತ್ತಾರ. ಅಪ್ಪನ ದನಿ ಎಲ್ಲಾ ಊರಾಗ ಕೇಳತೈತಿ ಈಗ.” ಹುಡುಗಿ ಅತ್ತಳು. ಅದರಲ್ಲಿ ಸಂತೋಷವೂ ಇತ್ತು.

ಆ ಮಾತಿನಿಂದಲೇ ಸತ್ತವನು ಅವನು. ಈಗ ಸತ್ತ ಮೇಲೆ ಅದನ್ನೇ ಊರೂರಿಗೆ ಹೇಳುತ್ತಿದ್ದಾನೆ.

ಎರಡು ದಿನ ನುಂಗಿಕೊಂಡಳು. ಐದನೆಯ ದಿನ ಬುಶ್ರಾ ಸಾಲಿಗೆ ಹೋದ ಮೇಲೆ ಮಾಸ್ತರನಿಗೆ ಫೋನು ಮಾಡಿದಳು.

“ಮಾಸ್ತರ್ರ, ನಾನ್ರಿ, ಮೋದಿನಸಾಬರ ಮನಿಯಾಕಿ. ಆ ಅರ್ಧ ತಾಸಿನ ಮಾತು ತಗೀರಿ.”

“ಯಾಕ್ರಿ ವೈನಿ? ದನಿ ಕೇಳಿ ದುಃಖ ಆಗತೈತೇನ್ರಿ?”

“ಅದು ತಪ್ಪೈತ್ರಿ. ಬಾವು ಬರದನೂ ಸಾಯ್ತಾರ.”

“ಯಾರು ಹೇಳಿದ್ರು ನಿಮಗ?”

ನನ್ನ ಗಂಡ ಹಾಗೆಯೇ ಸತ್ತ ಎನ್ನಬೇಕು. ಆಣೆ ಮಾಡಿದ್ದಾಳೆ. ಅವನು ಕೊನೆಗೆ ಬಾಯಿಬಿಟ್ಟು ಕೇಳಿದ ಒಂದೇ ಮಾತು ಅದು. ನಾಲ್ಕು ವರ್ಷ ಹಾವು ಕೊಲ್ಲದ ಊರು, ಆ ಒಂದು ಮಾತಿಗೆ ಬಡಿಗೆ ಎತ್ತುತ್ತದೆ.

“ಯಾರೂ ಹೇಳಿಲ್ಲ. ನನಗನಸ್ತು.”

“ನಿಮಗ ಈಗ ಎಲ್ಲಾನೂ ಅನಸ್ತೈತ್ರಿ ವೈನಿ. ಧೈರ್ಯ ತಗೋರಿ. ಅವನ ಮಾತಿಲೆ ಎಷ್ಟೋ ಮಂದಿ ಅಂಜಿಕಿ ಹೋಗೇತಿ. ಅದು ಪುಣ್ಯದ ಮಾತು.”

ಅವಳು ಫೋನು ಇಟ್ಟಳು. ಮತ್ತೆ ಎತ್ತಿದಳು. ಮತ್ತೆ ಇಟ್ಟಳು. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ನಮಾಜಿಗೆ ಕುಳಿತರೂ ಅದೇ. ಹೇಳಿದರೆ ಗಂಡನಿಗೆ ಮೋಸ. ಹೇಳದಿದ್ದರೆ ಯಾರಿಗೋ. ಆ ಯಾರಿಗೋ ಎಂಬುದಕ್ಕೆ ಮುಖ ಇರಲಿಲ್ಲ. ಗಂಡನಿಗೆ ಮುಖ ಇತ್ತು. ಅದಕ್ಕೇ ಸುಮ್ಮನಿದ್ದಳು. ಸುಮ್ಮನಿದ್ದದ್ದು ಹಾಗೆ. ಬೇರೆ ಕಾರಣವಿಲ್ಲ.

ಹದಿನಾರನೆಯ ದಿನ ಮಧ್ಯಾಹ್ನ ಬಾಗಿಲ ಹೊರಗೆ ಗಂಡಸಿನ ದನಿ.

“ಮನ್ಯಾಗ ಯಾರದೀರಿ? ನಾನು ಇಂಗಳೇಶ್ವರದ ಮಾಳಿಂಗಪ್ಪ. ಹೋದ ವರ್ಷ ನಿಮ್ಮಲ್ಲೇ ಗಾದಿ ಹೊಲಿಸಿದ್ದೆ.”

ಅವಳಿಗೆ ನೆನಪಿತ್ತು. ಕುರಿ ಕಾಯುವ ಮನೆತನದ ಹಿರಿಯ. ಸೊಸೆ ಚೊಚ್ಚಲ ಬಾಣಂತನ ಮುಗಿಸಿ ಬರುತ್ತಾಳೆ, ಅವಳಿಗೊಂದು ಮೆತ್ತನೆಯ ಗಾದಿ ಬೇಕು ಎಂದು ಬಂದಿದ್ದ. ಜೋಹರಾಬಿ ಬಾಗಿಲ ಮರೆಯಲ್ಲೇ ನಿಂತು ಹೇಳಿದಳು.

“ಗಾದಿ ಹೊಲಿಯೂದು ಬಂದ್ ಆಗೇತ್ರಿ ಯಣ್ಣಾ. ಅವರು ಇಲ್ಲ.”

“ಗೊತ್ತೈತಿ ತಂಗಿ. ಗಾದಿಗೆ ಬಂದಿಲ್ಲ. ಒಂದು ಮಾತು ಕೇಳಾಕ ಬಂದೇನಿ.” ಅವನು ಕಟ್ಟೆಯ ಮೇಲೆ ಕುಳಿತ ಸದ್ದಾಯಿತು. “ನಮ್ಮ ಸೊಸಿ ಸುವರ್ಣಾ ಹೋದಳು. ಮೂರು ದಿನ ಆತು.”

ಜೋಹರಾಬಿ ಚೌಕಟ್ಟು ಹಿಡಿದಳು.

“ಬೆಳಗಾಗೂದ್ರಾಗ ಎದ್ದು, ಏನೋ ಕಡೀತು ಅಂದ್ಲು. ದೀಪ ಹಾಕಿ ನೋಡಿದ್ರ ಹಾಸಿಗ್ಯಾಗ ಹಾವು. ಕರ್ರಗ. ಹೊರಗ ದೂಡಿದಿವಿ, ಕೊಲ್ಲಲಿಲ್ಲ. ನಿನ್ನ ಗಂಡನ ಮಾತು ಫೋನಿನ್ಯಾಗ ಇತ್ತು. ಹಚ್ಚಿ ಕೇಳಿದಿವಿ. ಎಲ್ಲಾರೂ ಗಡಿಯಾರದ ಮುಂದ ಕುಂತಿವಿ. ಬಾವಿಲ್ಲ, ಉರಿ ಇಲ್ಲ. ಆಕಿನ ಎದ್ದು ಚಾ ಮಾಡಿದ್ಲು. ಒಂಬತ್ತಕ್ಕ ಕಣ್ಣು ಮುಚ್ಚಾಕತ್ತಿದ್ವು. ದವಾಖಾನಿ ಮುಟ್ಟಲಿಲ್ಲ.”

ಅವನು ಕೆಮ್ಮಿದ. ಆಮೇಲೆ ಕೇಳಬೇಕಾದ್ದನ್ನು ಕೇಳಿದ.

“ನೀ ಅವನ ಕೂಡ ಇದ್ದಾಕಿ, ನಿನಗ ಗೊತ್ತಿರತೈತಿ. ಅರ್ಧ ತಾಸು ಅಂದ್ರ, ಕಡಿದಾಗಿಂದ ಹಿಡೀಬೇಕೋ, ಎಚ್ಚರಾದಾಗಿಂದ ಹಿಡೀಬೇಕೋ? ನಾವು ಎಚ್ಚರಾದಾಗಿಂದ ಹಿಡಿದಿವಿ. ಅಲ್ಲೇ ನಮ್ಮ ತಪ್ಪಾತೇನ ತಂಗಿ?”

ಅವಳು ಬಾಗಿಲು ತೆರೆದಳು. ಪರ ಗಂಡಸಿನ ಮುಂದೆ ಬರಬಾರದಿತ್ತು. ಬಂದಳು. ಹೊಸ್ತಿಲ ಒಳಗೆ ನೆಲದ ಮೇಲೆ ಕುಳಿತಳು.

“ನಿಮ್ಮ ತಪ್ಪಿಲ್ಲ ಯಣ್ಣಾ. ಆ ಮಾತs ತಪ್ಪು. ನನ್ನ ಗಂಡ ಎದಿ ಹಿಡಿದು ಸತ್ತಿಲ್ಲ. ಅದ ಹಾವು ಕಡಿದು ಸತ್ತಾರ. ಹಂಗs ಗಡಿಯಾರ ನೋಡಿದ್ರು. ಹಂಗs ಚಾ ಕುಡಿದ್ರು.”

ಮಾಳಿಂಗಪ್ಪ ಅವಳ ಮುಖ ನೋಡಿದ.

“ಇದು ನಿನಗ ಯಾವಾಗಿಂದ ಗೊತ್ತು?”

“ಅವರು ಸತ್ತ ದಿನದಿಂದ.”

“ಯಾರಿಗೂ ಹೇಳಲಿಲ್ಲ?”

“ಇಲ್ಲ.”

“ಹೇಳಿದ್ರ ನಮ್ಮ ಹುಡುಗಿ ಉಳೀತಿದ್ಲೇನು?”

ಸುಳ್ಳು ಹೇಳಬಹುದಿತ್ತು. ದೇವರಿಗೇ ಗೊತ್ತು ಎನ್ನಬಹುದಿತ್ತು.

“ಬೆಳಿಗ್ಗೇನ ದವಾಖಾನಿಗೆ ಒಯ್ದಿದ್ರ ಉಳೀತಿದ್ಲು” ಎಂದಳು.

ಅವನು ಬಯ್ಯಲಿಲ್ಲ. ಬಯ್ದರೆ ಚೆನ್ನಾಗಿತ್ತು. ಹೆಗಲ ಮೇಲಿನ ಕಂಬಳಿ ಸರಿ ಮಾಡಿಕೊಂಡ. “ಕೂಸು ಇನ್ನೂ ಹಾಲು ಬಿಟ್ಟಿಲ್ಲ” ಎಂದ. ಅದು ಅವಳಿಗೆ ಹೇಳಿದ್ದಲ್ಲ. ಎದ್ದು ಬಸ್ಸಿನ ಕಡೆ ನಡೆದ. ತಿರುಗಿ ನೋಡಲಿಲ್ಲ.

ಬುಶ್ರಾ ಸಾಲಿಯಿಂದ ಬಂದ ಕೂಡಲೇ ಜೋಹರಾಬಿ ಫೋನು ಕೊಟ್ಟಳು. “ಗುಂಪಿನ್ಯಾಗ ಮಾತಾಡೂದು ಹಚ್ಚು.”

“ಯಾಕ ಯವ್ವಾ?”

“ಹಚ್ಚು ಅಂದ್ರ ಹಚ್ಚು.”

ಹುಡುಗಿ ಗುಂಡಿ ಒತ್ತಿ ಹಿಡಿದಳು. ಜೋಹರಾಬಿ ಎಂದೂ ಫೋನಿಗೆ ಹೀಗೆ ಮಾತಾಡಿದವಳಲ್ಲ. ದನಿ ಒಡೆಯಿತು. “ನಾನು ಮೋದಿನಸಾಬರ ಹೇಣ್ತಿ. ಅವರು ಎದಿ ಹಿಡಿದು ಸತ್ತಿಲ್ಲ. ಕಟ್ಟುಹಾವು ಕಡಿದು ಸತ್ತಾರ. ಬಾವಿರಲಿಲ್ಲ, ಉರಿ ಇರಲಿಲ್ಲ. ಅರ್ಧ ತಾಸಿನ ಮಾತು ತಪ್ಪೈತಿ. ಅದನ್ನ ಅಳಿಸ್ರಿ. ಯಾವ ಹಾವು ಕಡಿದ್ರೂ ಗಡಿಯಾರ ನೋಡಬ್ಯಾಡ್ರಿ, ದವಾಖಾನಿಗೆ ಓಡ್ರಿ. ಇಂಗಳೇಶ್ವರದ ಸುವರ್ಣಾ ಹೋದ್ಲು. ನಾ ಮೊದಲ ಹೇಳಿದ್ರ ಹೋಗ್ತಿರಲಿಲ್ಲ.”

ಬುಶ್ರಾಳ ಬೆರಳು ಗುಂಡಿಯ ಮೇಲಿಂದ ಎದ್ದಿತು. ಮಾತು ಗುಂಪಿಗೆ ಹೋಯಿತು.

“ನನಗೂ ಸುಳ್ಳ ಹೇಳಿದಿ?” ಎಂದಳು.

“ನಿಮ್ಮಪ್ಪ ಆಣಿ ಹಾಕಿಸಿದ್ರು.”

“ನಾ ಅವತ್ತು ಸಾಲಿಗೆ ಹೋಗೂ ಮುಂದ ಅಪ್ಪನ ಕೈ ನೋಡಿದ್ದೆ. ರಕ್ತ ಇತ್ತು. ಕೇಳಲಿಲ್ಲ ನಾ. ದಬ್ಬಣ ಅಂದಕೊಂಡೆ.” ಹುಡುಗಿ ಫೋನು ನೆಲಕ್ಕಿಟ್ಟು ಒಳಗೆ ಹೋದಳು. ಅವತ್ತಿನಿಂದ ತಾಯಿಯ ಕೂಡ ಬೇಕಾದಷ್ಟೇ ಮಾತು.

ಸಂಜೆ ರೇವಣಪ್ಪ ಮಾಸ್ತರನ ಫೋನು ಬಂತು.

“ವೈನಿ, ಆ ಫೋಟೋ ದೊಡ್ಡದು ಮಾಡಿ ನೋಡಿದೆ. ಬೆನ್ನ ಮ್ಯಾಲ ದೊಡ್ಡ ದೊಡ್ಡ ಹುರುಪಿ ಅದಾವ. ತೋಳಹಾವಿಗೆ ಅವು ಇರಂಗಿಲ್ಲ. ಕಟ್ಟುಹಾವs ಅದು. ಅವತ್ತು ನೋಡಿದ್ರ ಅವತ್ತs ಕಾಣತಿತ್ತು.”

“ಅದು ಬಾವು ಬರದನ ಕೊಲ್ಲತೈತಿ ಅಂತ ನಿಮಗ ಗೊತ್ತಿತ್ತೇನ್ರಿ?”

“ಪುಸ್ತಕದಾಗ ಓದಿದ್ದೆ. ಅದೊಂದು ಹೇಳಿದ್ರ ಮಂದಿ ಎಲ್ಲಾ ಹಾವಿಗೂ ಅಂಜತಾರ ಅಂತ ಬಿಟ್ಟೆ.”

“ನಾನೂ ಅದಕs ಬಿಟ್ಟಿದ್ದೆ” ಎಂದಳು ಜೋಹರಾಬಿ.

ಮಾಸ್ತರ ಗುಂಪಿನಿಂದ ಆ ಮಾತನ್ನು ಅಳಿಸಿದ. ಗುಂಪಿನಿಂದ ಅಳಿಯಿತು, ಊರಿನಿಂದ ಅಳಿಯಲಿಲ್ಲ. ಯಾರ್ಯಾರ ಫೋನಿನಲ್ಲಿ ಎಲ್ಲೆಲ್ಲಿ ಹೋಗಿ ಕುಳಿತಿತ್ತೋ. ಜೋಹರಾಬಿಯ ಮಾತನ್ನೂ ಜನ ಕಳಿಸಿದರು, ಆದರೆ ಕಡಿಮೆ. ಅಳುವ ಹೆಂಗಸಿನ ದನಿ ಯಾರಿಗೆ ಬೇಕು. ಮೋದಿನಸಾಬನದು ನಗುವ ದನಿ.

ಮೋದಿನಸಾಬ ಹೇಳಿದ್ದಂತೆಯೇ ಆಯಿತು. ಹಾವಿನವನನ್ನೇ ಹಾವು ಕೊಂದಿತು ಎಂಬ ಸುದ್ದಿ ಹಬ್ಬಿದ ಮರುದಿನ ಹಿಪ್ಪರಗಿಯಲ್ಲಿ ಒಂದು ಕೇರೆ ಹಾವನ್ನು ಬಡಿದು ಬೇವಿನ ಗಿಡಕ್ಕೆ ನೇತುಹಾಕಿದರು. ಹಳ್ಳದಲ್ಲಿ ಹನ್ನೊಂದು ನೀರಹಾವು. ತೋಟದ ಮನೆಯವರು ಚೀಲ ಹೊರಗೆ ಹಾಕಿ, ಸಂದಿಗೊಂದಿಗೆಲ್ಲ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದರು. ಭೀಮಶ್ಯಾ ಗುಂಪು ಬಿಟ್ಟು ಹೋದ. ಹೋಗುವ ಮುಂಚೆ ಒಂದೇ ಮಾತು ಹಾಕಿದ. “ಅವನಿಗೆ ಕುರಿ ಅಂದಿದ್ದೆ ನಾ.” ಆಮೇಲೆ ಒಬ್ಬೊಬ್ಬರೇ ಬಿಟ್ಟರು. ಬೆಳಿಗ್ಗೆ ಹಾವಿನ ಸಂಗತಿ ಬರುವುದು ನಿಂತಿತು.

ಗಂಡನ ಫೋನು ಜೋಹರಾಬಿಯ ಹತ್ತಿರವೇ ಇದೆ. ಅವನ ಮಾತು ಕಳಿಸುವಾಗ ಜನ ಕೆಳಗೆ ಆ ನಂಬರನ್ನೂ ಬರೆದು ಕಳಿಸಿದ್ದರು. ಯಾರಾದರೂ ಹಾವು ಬಂತು ಎಂದರೆ, ದೂರ ನಿಲ್ಲಿ ಎನ್ನುತ್ತಾಳೆ, ಹಿಡಿಯುವ ಬೇರೆಯವರ ನಂಬರು ಬುಶ್ರಾಳಿಂದ ಹೇಳಿಸುತ್ತಾಳೆ. ಹೋದ ರವಿವಾರ ಮಧ್ಯಾಹ್ನ ಒಂದು ಫೋನು ಬಂತು.

“ಮೋದಿನಸಾಬರ ಏನ್ರಿ? ನಾನು ಇಂಡಿ ಕಡಿಯಿಂದ, ಬಸಂತರಾಯ. ನಿಂಬಿ ತ್ವಾಟದಾಗ ನಮ್ಮ ಮನಿಯಾಕಿಗೆ ಹಾವು ಕಡದೈತ್ರಿ. ಬಾವಿಲ್ಲ, ಉರಿ ಇಲ್ಲ. ಇಪ್ಪತ್ತು ಮಿನಿಟ ಆತು. ಇನ್ನ ಹತ್ತು ಮಿನಿಟ ನೋಡಬೇಕೇನ್ರಿ?”

“ನೋಡಬ್ಯಾಡ್ರಿ!” ಜೋಹರಾಬಿ ಎದ್ದು ನಿಂತಿದ್ದಳು. “ಈಗಿಂದೀಗ ಗಾಡಿ ತಗೊಂಡು ದವಾಖಾನಿಗೆ ಹೋಗ್ರಿ.”

“ನೀವ್ಯಾರ್ರಿ? ಫೋನು ಅವರ ಕೈಯಾಗ ಕೊಡ್ರಿ.”

“ಅವರಿಲ್ಲ. ಸತ್ತಾರ. ಹಿಂಗ ಕುಂತು ಕುಂತು ಸತ್ತಾರ. ನಾ ಅವರ ಹೇಣ್ತಿ.”

“ಏ, ಏನ ಮಾತಾಡತೀಬೇ! ಈಗರ ಅವರ ಮಾತು ಕೇಳೀನಿ ಫೋನಿನ್ಯಾಗ. ಎಷ್ಟು ಛಲೋ ಹೇಳ್ಯಾರ. ಅಂಥ ಮನಶ್ಯಾನ ಸತ್ತಾನ ಅಂತೀ?”

“ಯಣ್ಣಾ, ನಿನ್ನ ಕಾಲಿಗೆ ಬೀಳತೇನಿ. ಆಕಿನ್ನ ಎಬ್ಬಿಸಿ ಗಾಡ್ಯಾಗ ಹಾಕು.”

ಆ ಕಡೆ ಯಾರೋ ಹೆಂಗಸು ನಕ್ಕಳು. ತನಗೇನೂ ಆಗಿಲ್ಲ, ಫೋನು ಇಡು, ನೀರು ಬಿಡಬೇಕು ಎಂದಳು. ಫೋನು ಕಟ್ಟಾಯಿತು.

ಜೋಹರಾಬಿ ತಿರುಗಿ ಹಚ್ಚಿದಳು. ಎತ್ತಲಿಲ್ಲ. ಒಳಗಿದ್ದ ಬುಶ್ರಾಳನ್ನು ಕೂಗಿದಳು. ಹುಡುಗಿ ಓಡಿ ಬಂದು ತಾಯಿಯ ಕೈಯಿಂದ ಫೋನು ಕಸಿದುಕೊಂಡು ಅವಳೇ ಹಚ್ಚಿದಳು. ಆ ಕಡೆ ಗಂಟೆ ಬಾರಿಸುತ್ತಿತ್ತು. ಮತ್ತೆ ಹಚ್ಚಿದಳು. ಬಾರಿಸುತ್ತಿತ್ತು.

“ಎತ್ತವಲ್ಲರು ಯವ್ವಾ.”

“ಹಚ್ಚು.”

ಸಂಜೆಯವರೆಗೂ ಹಚ್ಚಿದರು. ಆಮೇಲೆ ಬಾರಿಸುವುದೂ ನಿಂತಿತು. ನಿಂಬೆ ತೋಟದ ಆ ಹೆಂಗಸು ಏನಾದಳೋ, ಇಬ್ಬರಿಗೂ ಗೊತ್ತಿಲ್ಲ.